ಗೋದಿಯಲ್ಲಿ ಹಡಗು

'ನನ್ನ ಹಡಗು ಮುಂಬಯಿ ಗೋದಿಯೊಳಗ ನಿಂತದ' ಅಂದಿದ್ದ ದಸ್ತಗೀರ ಕಾಕಾ.
ಎಂಟು ವರ್ಷದ ನನಗೆ ಕಂಡದ್ದು
ಭಂಕೂರ ಕಡೆಯ ಗೋದಿಹೊಲ,
ತೆನೆ ಸರಿಸಿ ನಿಂತ ಕಬ್ಬಿಣದ ಮನೆ, ಮೇಲೆ ಗಿಳಿಗಳು.
ಆತ ತಿದ್ದಲಿಲ್ಲ.

ಹದಿನೇಳು ವರ್ಷ ಅದರ ಹೊಟ್ಟೆಯಲ್ಲಿದ್ದವ.
ಬಾಯ್ಲರ್ ಕೋಣೆ. ಸಮುದ್ರ ಕಂಡದ್ದು ಕಡಿಮೆ,
ಕೇಳಿದ್ದೇ ಹೆಚ್ಚು: ತಗಡಿನ ಆಚೆ
ಗೋಡೆಗೆ ಮೈ ತಿಕ್ಕುವ ಎಮ್ಮೆಯ ಹಾಗೆ.
ಶಹಾಬಾದಿನ ಮೇ ತಿಂಗಳಲ್ಲಿ, ನಾಯಿಯೂ ಮೋರಿ ಸೇರಿದಾಗ,
ತುಂಬುತೋಳಿನ ಅಂಗಿ ತೊಟ್ಟು ಕಟ್ಟೆಗೆ ಕೂತು
'ಇದೇನ್ ಬಿಸಲೋ' ಅನ್ನುತ್ತಿದ್ದ.

ಈ ವರ್ಷ ನಮ್ಮ ಪಾಲಿಶ್ ಅಂಗಳಕ್ಕೆ ಆರ್ಡರು ಬಂತು:
ಮುಂಬಯಿ ಗೋದಿಗೆ ನಾಲ್ಕು ಸಾವಿರ ಚದರಡಿ ಫರ್ಸಿ.
ಹಳೇ ಹಡಗನ್ನು ಮ್ಯೂಸಿಯಂ ಮಾಡುತ್ತಾರಂತೆ,
ಜನ ಅಡ್ಡಾಡಲು ನೆಲ ಬೇಕಂತೆ.
ಒಂದೇ ಬಣ್ಣ ಇರಬೇಕು. ಗೆರೆ ಇರಬಾರದು.

ಅಂದಿನಿಂದ ಕಾಕಾ ದಿನಾ ಬಂದ.
ಮಶೀನಿನ ಕೆಸರು ಧೋತರಕ್ಕೆ ಸಿಡಿದರೂ ಏಳಲಿಲ್ಲ.
ಕಲ್ಲು ಕಲ್ಲಿಗೂ ಗೆಣ್ಣು ಬಡಿದು ಕೇಳಿದ.
ಮೂಲೆಗೆ ತಳ್ಳಿದ ರದ್ದಿಯಲ್ಲಿ ಒಂದಿತ್ತು,
ಮೈತುಂಬ ಅಲೆಅಲೆ ಗೆರೆ, ಪಾಲಿಶ್ ಹತ್ತದ ಮಾಲು.
ಸರ್ವೇದವನೊಬ್ಬ ಹಿಂದೆ ಹೇಳಿದ್ದ,
ಇಲ್ಲೆಲ್ಲ ಸಮುದ್ರವಿತ್ತು, ಮೀನು ಹುಟ್ಟುವ ಮೊದಲು;
ನೀರು ಸರಿದಾಡಿದ ಗುರುತು ಇದು ಎಂದು.
ಚಹಾ ಕುಡಿಸಿ ಕಳಿಸಿದ್ದೆವು. ಯಾರೂ ನಂಬಿರಲಿಲ್ಲ.

ಕಾಕಾ ತಂಬಿಗೆ ನೀರು ಅದರ ಮೇಲೆ ಸುರಿದ.
ಗೆರೆಗಳು ಕಪ್ಪಾಗಿ ಎದ್ದವು.
'ಇದನ್ನ ಹಾಕು.'
'ವಾಪಸ್ ಮಾಡ್ತಾರ್ ಕಾಕಾ.'
'ಹಾಕು ಅಂದೆ.'
ನಡುವೆ ತುರುಕಿದೆ, ಹುಲ್ಲು ಮುಚ್ಚಿ.

ಹದಿನಾರು ದಿನಕ್ಕೆ ಲಾರಿ ತಿರುಗಿ ಬಂತು.
ಡ್ರೈವರ್ ಮಾಶಪ್ಪ ಫೋನಿನಲ್ಲಿ ಫೋಟೋ ತೋರಿಸಿದ:
ತೋಪಿಗೆ ಬಣ್ಣ, ಸರಪಳಿಗೂ ಬಣ್ಣ,
ಬಾಯ್ಲರ್ ಕೋಣೆಯಲ್ಲಿ ಗಾಜಿನ ಹಿಂದೊಬ್ಬ ಮೇಣದ ಖಲಾಸಿ,
ಇಸ್ತ್ರಿ ಮುರಿಯದ ಅಂಗಿ, ಕೈ ಒಂದು ಚಕ್ರದ ಮೇಲೆ.
ಕಾಕಾ ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿದ.
'ಅದಲ್ಲೋ ತಮ್ಮಾ, ಅದರ ಕೆಳಗಿಂದು.
ಅದನ್ನ ತಿರುವಿದ್ರ ನಾವು ಯಾರೂ ಉಳೀತಿದ್ದಿಲ್ಲ.'
ಫೋನಿನ ಗಾಜಿನ ಮೇಲೆ ಬೆರಳಿಟ್ಟು
ಆ ಕೈಯನ್ನು ಸರಿಸಲು ನೋಡಿದ.
ಫೋಟೋ ಸರಿದು ಮಾಶಪ್ಪನ ಮಗಳ ಹುಟ್ಟುಹಬ್ಬ ಬಂತು.

'ಮತ್ತ ನಮ್ಮ ಕಲ್ಲು?'
ಮಾಶಪ್ಪ ಮಾತಾಡದೆ ಹಿಂಬಾಗಿಲು ಕೆಡವಿದ.
ಖಾಲಿ ಲಾರಿಯ ತಳದಲ್ಲಿ ಒಂದೇ ಒಂದು,
ಸಮುದ್ರದ ತನಕ ಹೋಗಿ ಬಂದದ್ದು,
ಮೇಲೆ ಕೆಂಪು ಸೀಮೆಸುಣ್ಣದ ಕಾಟು.

ಈಗ ಅದು ಕಾಕಾನ ಬಚ್ಚಲಲ್ಲಿದೆ.
ಸಂಜೆ ನೀರು ಹೊಯ್ದುಕೊಳ್ಳುವ ಸಪ್ಪಳ ಓಣಿಗೆಲ್ಲ ಕೇಳುತ್ತದೆ.
ನಡುನಡುವೆ ನಿಲ್ಲಿಸುತ್ತಾನೆ.
ಬಹಳ ಹೊತ್ತು.
ಒಳಗಿಂದ ಕಾಕಿ ಕೂಗುತ್ತಾಳೆ:
'ಅದೀರೋ ಇಲ್ಲೋ?'