ಅರ್ಧ ಮಾತ್ರೆ

ತೆಲಾವಿಯ ನಮ್ಮ ಓಣಿಯಲ್ಲಿ
ಮದುವೆಯಿರಲಿ ತಿಥಿಯಿರಲಿ
ಮೇಜಿನ ತುದಿಗೆ ಕೂರಿಸಿ ಕೈಗೆ ಕೊಂಬು ಕೊಡುವುದು ನನಗೇ.
ತಮದಾ ಅನ್ನುತ್ತಾರೆ. ಬಟ್ಟಲೆತ್ತಿ ಮಾತೆತ್ತುವವನು.
ನನ್ನ ಮಾತು ಮುಗಿಯದೆ ಯಾರೂ ಗುಟುಕರಿಸುವಂತಿಲ್ಲ.
ಹೀಗೇ ಇಪ್ಪತ್ತಾರು ವರ್ಷ.

ಹೋದ ಚಳಿಗಾಲ, ಎದ್ದು ನಿಂತವನ ಎದೆಗೆ
ಯಾರೋ ಓಡಿಬಂದು ದಬದಬ ಬಡಿದರು.
ಯಾರದು ಅಂದರೆ ಯಾರೂ ಇಲ್ಲ.
ಬಾಗಿಲಿಗೆ ಹದಿನಾಲ್ಕು ಹೆಜ್ಜೆ ಎಂದು ಲೆಕ್ಕ ಹಾಕಿಕೊಂಡೆ.
ಮುಂದಿನ ಮದುವೆಗೆ ಹೋಗಲೇ ಇಲ್ಲ.
ಬೆನ್ನುನೋವು ಅಂದೆ.
ಪಾಪ, ಬೆನ್ನು ಎಷ್ಟು ಸುಳ್ಳು ಹೊತ್ತಿತೋ.

ಡಾಕ್ಟರ್ ಏತೆರಿ ಬರೆದುಕೊಟ್ಟಳು:
ಮೊದಲ ವಾರ ಅರ್ಧ ಮಾತ್ರೆ, ಆಮೇಲೆ ಇಡಿ.
'ಗುಣಕ್ಕಿಂತ ಮುಂಚೆ ಕಾಟ ಬರುತ್ತದೆ.
ತಡೆಯದಾದರೆ ನೀನೇ ನಿಲ್ಲಿಸಬೇಡ, ನನಗೆ ಹೇಳು.'

ಕಾಟ ಬಂತು.
ಚೀಸ್ ರೊಟ್ಟಿಯ ವಾಸನೆಗೇ ಹೊಟ್ಟೆ ತೊಳಸಿತು.
ನಾಲಗೆ, ಬಿಸಿಲಲ್ಲಿ ಮರೆತುಬಂದ ಚಪ್ಪಲಿ.
ಇರುಳೆಲ್ಲ ಅಂಗಿ ಒದ್ದೆ, ಹಗಲೆಲ್ಲ ಆಕಳಿಕೆ.
ಪಾದ್ರಿ ಪಾಪಪುಣ್ಯ ವಿವರಿಸುತ್ತಿದ್ದಾಗ
ಹೆಬ್ಬಾಗಿಲಷ್ಟು ಬಾಯಿ ತೆರೆದೆ.
ಬೇಗ ಮುಗಿಸಿಬಿಟ್ಟರು.
ಮಾತ್ರೆಯಿಂದ ಊರಿಗಾದ ಉಪಕಾರ, ಅಂದಳು ನಾಜಿಬ್ರೋಲಾ.

ಫ್ರಿಜ್ಜಿಗೆ ಹಾಳೆ ಅಂಟಿಸಿದವಳೂ ಅವಳೇ.
ಬರಿಹೊಟ್ಟೆಗೆ ಬೇಡ, ಬೆಳಿಗ್ಗೆ, ರೊಟ್ಟಿಯ ಮೇಲೆ.
ವೈನ್ ಇಲ್ಲ. ಇಲ್ಲ ಅಂದರೆ ಇಲ್ಲ, ಮಲ್ಖಾಜ್.
ಬಾಯಿ ಒಣಗಿದರೆ ಜೇಬಿನಲ್ಲಿ ಹುಳಿ ಪ್ಲಮ್ಮಿನ ಹಪ್ಪಳ.

ಹಾಳೆಗೆ ಏರದ್ದೂ ಒಂದಿತ್ತು.
ನನ್ನ ಮೈ ಪಕ್ಕದ ಮನೆಯ ಕರೆಗಂಟೆಯಾಗಿತ್ತು:
ಅವಳು ಒತ್ತಿದರೆ ಎಲ್ಲೋ ದೂರ ಸದ್ದು.
'ಇದನ್ನೂ ಏತೆರಿಗೆ ಹೇಳು' ಅಂದಳು, ಗೋಡೆಗೆ ತಿರುಗಿ.
ಭುಜ ಅಲುಗಿತು. ನಗುವೋ ಏನೋ, ಕೇಳಲಿಲ್ಲ.

ಏಳನೆಯ ವಾರ ಅಂಜೋರನ ನಲವತ್ತನೆಯ ದಿನ.
ಅವನಿಗಾಗಿ ನಾನು ಏಳದೆ ಇನ್ನಾರು ಏಳಬೇಕು?
ಗುಡಾಣದ ವೈನಿನ ಬದಲು ಕೊಂಬಿನಲ್ಲಿ ದಾಳಿಂಬೆ ರಸ.
ಬಣ್ಣ ಹೆಚ್ಚುಕಡಿಮೆ ಅದೇ.
ಕೊಂಬನ್ನು ನಡುವೆ ಕೆಳಗಿಡುವಂತಿಲ್ಲ, ಚೆಲ್ಲಿಹೋಗುತ್ತದೆ;
ಕೈ ನಡುಗಿದರೆ ನಡುಗಲಿ ಎಂದು ಹಿಡಿದೇ ಇದ್ದೆ.
ಮಾತ್ರೆ ತಪ್ಪಿದ ಸಾಲಿನ ಹಾಗೆ
ಮಾತು ಕುಂಟಿತು. ಕುಂಟುತ್ತಲೇ ಹೊಳೆ ದಾಟಿತು.

ಅಳು ಬರಲಿಲ್ಲ.
ಬರಬೇಕಾದ ಜಾಗ ಗೊತ್ತಿತ್ತು, ನಿಂತು ಕಾದೆ,
ಬಸ್ಸು ರದ್ದಾದದ್ದು ತಿಳಿಯದವನ ಹಾಗೆ.
ಬಾಗಿಲಿನ ಹೆಜ್ಜೆ ಎಣಿಸಿರಲಿಲ್ಲ ಎಂಬುದು
ಕೂತ ಮೇಲೆ ನೆನಪಾಯಿತು.

ಪಕ್ಕದಲ್ಲಿ ಗೇಲಾ, ಎತ್ತಿನಂಥ ಗೇಲಾ,
ನನ್ನ ಕೊಂಬು ಮೂಸಿ, ಸುತ್ತ ನೋಡಿ,
ಕಿವಿಯಲ್ಲಿ ಕೇಳಿದ: 'ಎಷ್ಟು ಮಿಲಿಗ್ರಾಂ?'

ಹೇಳಿದೆ. 'ನನ್ನದು ಅದರ ಅರ್ಧ' ಅಂದ,
ಸೋತವನಂತೆ.
ಜೇಬಿನ ಹಪ್ಪಳ ಹರಿದು ಅವನಿಗೂ ಒಂದು ಚೂರು ಕೊಟ್ಟೆ.
ಹುಳಿಗೆ ಮುಖ ಕಿವಿಚಿ, ಅಂಜೋರನ ಫೋಟೋದೆದುರು
ಇಬ್ಬರೂ ಚೀಪುತ್ತ ಕೂತೆವು.
ಕಣ್ಣಿಗೆ ಬಾರದ್ದು ಬಾಯಿಗೆ ಬಂತು.