ಮುಖ ನೋಡಿ ಮಣೆ

ಬೈತಖೋಲ ಶಾಲೆಯ ಲ್ಯಾಬಿಗೆ ಜೂನ್‌ನಲ್ಲಿ ಬಂತು
ಹನ್ನೆರಡು ಪರದೆ, ಒಂದೊಂದರ ಹಣೆಯಲ್ಲೂ
ಸಾಸಿವೆಯಷ್ಟು ಕ್ಯಾಮೆರಾ.
ತರಬೇತಿ ಕೊಡಲು ಬಂದ ಹುಡುಗ ಹೇಳಿದ:
ಇದು ಲೆಕ್ಕ ಕಲಿಸುವುದಷ್ಟೇ ಅಲ್ಲ ಮೇಡಂ,
ಮಗುವಿನ ಮನಸ್ಸನ್ನೂ ಓದುತ್ತದೆ;
ಬೇಸರವೋ ಗೊಂದಲವೋ ಸಿಟ್ಟೋ ತಿಳಿದು
ಅದಕ್ಕೆ ತಕ್ಕ ಲೆಕ್ಕ ಕೊಡುತ್ತದೆ.
ಮುಖ ನೋಡಿ ಮಣೆ ಹಾಕುತ್ತದೆ ಅನ್ನಿ, ಅಂದೆ.
ಅವನಿಗೆ ಗಾದೆ ಗೊತ್ತಿರಲಿಲ್ಲ. ಹೌದು ಹೌದು, ಅಂದ.

ಮೊದಲು ಕೂತವಳು ಪ್ರಣಾಲಿ ತಾಂಡೇಲ.
ಅವಳ ಆಯಿ ಕಾರವಾರ ಪೇಟೆಯಲ್ಲಿ ಮೀನು ಮಾರುವವಳು,
ರಜೆಯಲ್ಲಿ ಬುಟ್ಟಿಯ ಪಕ್ಕ ಇವಳು.
ಇಸ್ವಣ ಎತ್ತಿ ನೋಡಿ ಗಿರಾಕಿ ಮೂಗು ಮುರಿದರೂ,
ಎದ್ದು ಹೋಗಿ ನಾಲ್ಕು ಹೆಜ್ಜೆಗೆ ತಿರುಗಿ ಬಂದರೂ
ಹುಬ್ಬು ಕೂದಲೆಳೆಯಷ್ಟೂ ಏಳಬಾರದು.
ಕೊಡಬಹುದಾದ ಕೊನೆಯ ದರ
ಮುಖದಲ್ಲಿ ಕಂಡಿತೋ, ಆ ದಿನ ಹೋಯಿತು.

ಯಂತ್ರ ನೋಡಿತು. ಮತ್ತೆ ನೋಡಿತು.
'ಭಾವ ಪತ್ತೆಯಾಗಲಿಲ್ಲ. ದಯವಿಟ್ಟು ಬೆಳಕಿನ ಕಡೆ ತಿರುಗಿ.'
ತಿರುಗಿದಳು.
'ಭಾವ ಪತ್ತೆಯಾಗಲಿಲ್ಲ.'
ಅಷ್ಟರಲ್ಲಿ ಹದಿನಾಲ್ಕು ಲೆಕ್ಕ ಮುಗಿಸಿದ್ದಳು ಪೋರಿ.
ನನಗೆ, ಸುಳ್ಳೇಕೆ, ಖುಷಿಯಾಯಿತು;
ಹತ್ತೊಂಬತ್ತು ವರ್ಷ ಸೀಮೆಸುಣ್ಣ ಸವೆಸಿದ ಬೆರಳಿಗೆ
ಒಂದು ಗೆಲುವು.

ಕತೆ ಇಲ್ಲಿಗೇ ನಿಂತಿದ್ದರೆ
ಸ್ಟಾಫ್ ರೂಮಿನಲ್ಲಿ ಹೇಳಿ ನಗಲು ಚೆನ್ನಾಗಿರುತ್ತಿತ್ತು.

ರೋಹಿದಾಸ ಕೊನೆಯ ಬೆಂಚಿನವ.
ಅರ್ಥವಾಯಿತೇನೋ ಅಂದರೆ ಹಲ್ಲು ಬಿಟ್ಟು 'ಆಯ್ತು ಟೀಚರ್',
ಎರಡು ವರ್ಷದಿಂದ 'ಆಯ್ತು ಟೀಚರ್'.
ಆ ನಗೆಯನ್ನು ನಂಬಿ
ಎಷ್ಟು ಸಲ ಮುಂದಿನ ಪುಟಕ್ಕೆ ಮಗುಚಿದೆನೋ.
ಬೋಟುಗಳು ಮತ್ತೆ ಕಡಲಿಗಿಳಿದ ಆಗಸ್ಟಿನಲ್ಲಿ
ಶುಕ್ರವಾರದ ವರದಿ ಬಂತು, ಅವನ ಹೆಸರಿನ ಮುಂದೆ
ಕೆಂಪಕ್ಷರ: ಗೊಂದಲ, ನಲವತ್ತೊಂದು ಸಲ.
ನಗುವಲ್ಲ ಅದು, ಅನ್ನುತ್ತಿತ್ತು ವರದಿ,
ತುಟಿ ಮಾತ್ರ; ಕಣ್ಣಿನ ಸುತ್ತ ಏನೂ ಇಲ್ಲ.
ಎರಡು ವರ್ಷ ನನ್ನೆದುರೇ ಇದ್ದ ಕಣ್ಣು.

ಎಲ್ಲಿ ಎಡವುತ್ತಾನೆ ಎಂಬುದನ್ನೂ ಹೇಳಿತು:
ಸೊನ್ನೆಯ ಕೆಳಗೆ. ಮೈನಸ್ ಎಂಟು, ಮೈನಸ್ ಹದಿಮೂರು,
ದೊಡ್ಡದು ಯಾವುದೆಂದರೆ
ಪ್ರತಿಸಲ ಹದಿಮೂರನ್ನೇ ಒತ್ತುತ್ತಾನೆ.
ಏಕೆ ಎಂದು ಅದು ಹೇಳಲಿಲ್ಲ.
'ಚಿಂತಿಸಬೇಡ, ನಿನ್ನಿಂದಾಗುತ್ತದೆ' ಎಂದು
ಹಳದಿ ನಕ್ಷತ್ರ ಕುಣಿಸಿತು.

ಏಕೆ ಎಂದು ತಿಳಿಯಲು ನಾನೇ ಬಂದರಿಗೆ ಹೋಗಬೇಕಾಯಿತು.
ಮುಂಜಾನೆ ಐದಕ್ಕೆ ಐಸ್ ಫ್ಯಾಕ್ಟರಿಯಲ್ಲಿ
ಮಾವನ ಜೊತೆ ಗೋಣಿ ಹೊದ್ದು ನಿಂತಿದ್ದ.
ಗೋಡೆಯ ಮೇಲೆ ಥಂಡಿ ತೋರಿಸುವ ಮೀಟರು,
ಅದರ ಮೈನಸ್ ಗೆರೆ ಯಾವ ಕಾಲದಲ್ಲೋ ಸುಟ್ಟುಹೋಗಿದೆ.
ಎಂಟು, ಅನ್ನುತ್ತದೆ. ಹದಿಮೂರು, ಅನ್ನುತ್ತದೆ.
'ಹದಿಮೂರಕ್ಕೆ ಹೋದ್ರೆ ಬರ್ಫ ಗಟ್ಟಿ, ಟೀಚರ್,
ಬೋಟಿನಲ್ಲಿ ಆರು ದಿನ ಬಾಳ್ತದೆ.
ಎಂಟಕ್ಕೇ ನಿಂತ್ರೆ ಮಾಲಕ ಬೈತಾನೆ.
ಹದಿಮೂರೇ ದೊಡ್ಡದಲ್ಲವ?'
ಈ ಸಲ ನಗಲಿಲ್ಲ ಅವನು.
ಪರ್ಸಿನಿಂದ ಪೆನ್ನು ತೆಗೆದು
ಮೀಟರಿನ ಗಾಜಿನ ಮೇಲೆ, ಎಂಟರ ಎಡಕ್ಕೆ,
ಸಣ್ಣದೊಂದು ಗೆರೆ ಎಳೆದೆ. ಒದ್ದೆಗೆ ಶಾಯಿ ಹರಡಿತು.
ಅದನ್ನೇ ಬಹಳ ಹೊತ್ತು ನೋಡಿದ.

ಆ ಸಂಜೆ ಲ್ಯಾಬಿಗೆ ಬೀಗ ಹಾಕುವ ಮುನ್ನ
ಒಂದು ಕುರ್ಚಿಯಲ್ಲಿ ಸುಮ್ಮನೆ ಕೂತೆ.
ಪರದೆಗೆ ಎಚ್ಚರವಾಯಿತು.
'ನೀನು ದಣಿದಿರುವೆ. ಐದು ನಿಮಿಷ ವಿಶ್ರಾಂತಿ ಬೇಕೇ?'
ಹೌದು. ಇಲ್ಲ. ಎರಡು ಗುಂಡಿ.
ಹತ್ತೊಂಬತ್ತು ವರ್ಷದಲ್ಲಿ ಯಾವ ಹೆಡ್ಮಾಸ್ತರೂ ಕೇಳಿದ್ದಿಲ್ಲ,
ಮನೆಯಲ್ಲಿ ಕೇಳುವುದು ಊಟಕ್ಕೇನು ಎಂದು.
ಕೆನ್ನೆಯೊಳಗೆ ಏನೋ ಸಡಿಲವಾಯಿತು.

ಮರೆತ ಛತ್ರಿಗೆ ಬಂದ ಪ್ರಣಾಲಿ ಬಾಗಿಲಲ್ಲಿ ನಿಂತಿದ್ದಳು.
'ಅದಕ್ಕೆ ಮುಖ ತೋರಿಸಬೇಡಿ ಟೀಚರ್,' ಅಂದಳು,
'ದರ ಏರಿಸ್ತದೆ.'
ಛತ್ರಿ ಎಳೆದುಕೊಂಡು ಓಡಿದಳು.

ನಾನು 'ಹೌದು' ಒತ್ತಿ
ಐದು ನಿಮಿಷ, ಪೂರ್ತಿ, ಕೂತೆ.