ಮುರಿದುಕೊಂಡದ್ದು

ಒದ್ದೆ ಗಾಡಿ ಸುಳ್ಳು ಹೇಳುತ್ತದೆ.
ಕೆಲಸಕ್ಕೆ ಸೇರಿದ ದಿನ ಬಖೀತ್ ಕಲಿಸಿದ್ದು ಇಷ್ಟೇ:
ಮೊದಲು ಒರೆಸು, ಆಮೇಲೆ ನೋಡು.
ನೀರು ಎಲ್ಲ ಗೀರನ್ನೂ ತುಂಬಿ
ನುಣ್ಣಗೆ ನಿಂತುಬಿಡುತ್ತದೆ.

ಸಲಾಲಾದಲ್ಲಿ ಖರೀಫ್ ಹಿಡಿಯಿತೆಂದರೆ
ಮೂರು ತಿಂಗಳು ಒಣಗಿದ ಗಾಡಿಯೇ ಸಿಗುವುದಿಲ್ಲ.
ದುಬೈ, ರಿಯಾದ್, ಮಸ್ಕತ್ತಿನ ಕಾವಿನಿಂದ ತಪ್ಪಿಸಿಕೊಂಡು
ಜನ ಬರುವುದು ಸೋನೆಗೆ ಮುಖವೊಡ್ಡಲಿಕ್ಕೆ,
ಇತ್ತೀನ್ ಗುಡ್ಡದ ಮಂಜಿನಲ್ಲಿ ದಾರಿ ತಪ್ಪಲಿಕ್ಕೆ,
ರಸ್ತೆ ನಡುವಿನ ಒಂಟೆಗೆ ಹಾರ್ನ್ ಹಾಕಿ
ಅದು ಕದಲದೆ ನಿಂತದ್ದಕ್ಕೆ ನಗಲಿಕ್ಕೆ.
ಗಾಡಿ ಮರಳಿಸುವಾಗ ಯಾರೂ ನಗುವುದಿಲ್ಲ.

ಕೈಯಲ್ಲಿ ಟಾರ್ಚು, ಹಳದಿ ಬಟ್ಟೆ, ಹಲಗೆಗೆ ಸಿಕ್ಕಿಸಿದ ಕಾಗದ.
ಕಾಗದದ ಮೇಲೆ ಕಾರು,
ಬೆನ್ನು ಸೀಳಿ ಬಿಸಿಲಿಗೆ ಹರವಿದ ಬಂಗುಡೆಯ ಹಾಗೆ,
ಎರಡು ಮಗ್ಗುಲೂ ಒಟ್ಟಿಗೆ ಕಾಣುವಂತೆ.
ಗೀರಿಗೊಂದು ಗೆರೆ, ತಗ್ಗಿಗೊಂದು ಸೊನ್ನೆ.
ಉಗುರು ಸಿಕ್ಕಿದರೆ ದುಡ್ಡು,
ಜಾರಿದರೆ ಮಾಫಿ.

ಬೆಳಗಿನ ಐದೂವರೆಗೆ ಬಿಳಿ ಯಾರಿಸ್ ಬಂತು.
ಚಕ್ರದಲ್ಲಿ ಮುಗ್ಸೈಲಿನ ಮರಳು,
ಹಿಂದಿನ ಸೀಟಿನಲ್ಲಿ ಕುಡಿದಿಟ್ಟ ಎಳನೀರಿನ ಬುರುಡೆ.
ಇಳಿದವಳು ನಿಜ್ವಾದ ಆಸ್ಪತ್ರೆಯ ನರ್ಸ್,
ಕರಾರಿನಲ್ಲಿ ಹೆಸರು ವಾರಿಜಾ ದೇವಾಡಿಗ,
ಏಳೂವರೆಗೆ ವಿಮಾನ.
ನನ್ನೊಡನೆ ಇಂಗ್ಲಿಷು. ಫೋನಿನಲ್ಲಿ ಮಾತ್ರ:
“ಅಕ್ಕಾ, ಗಾಡಿ ಕೊಡುಕ್ ಬಂದೆ. ಎಂತದೂ ಆಯ್ಲಿಲ್ಲ.”

ಗಂಗೊಳ್ಳಿ ಕಡೆಯ ಮಾತು.
ಹೊಳೆ ದಾಟಿದರೆ ನನ್ನ ಮನೆ.
ಎದೆಯ ಬಿಲ್ಲೆಯಲ್ಲಿ ತಾಜುದ್ದೀನ್ ಎಂದಷ್ಟೇ ಇದೆ,
ಊರಿಲ್ಲ. ನಾನೂ ಬಾಯಿ ಬಿಡಲಿಲ್ಲ.
ಊರಿನವರೆಂದು ತಿಳಿದರೆ ಪೆನ್ನು ತೂಗಾಡುತ್ತದೆ.

ಒರೆಸಿದೆ.
ಎಡಗಡೆ, ಹಿಂಬಾಗಿಲ ಕೆಳಗೆ, ಒಂದು ಗೇಣು.
ಉಗುರು ಸಿಕ್ಕಿತು.

ಅವಳು ಕುಕ್ಕರುಗಾಲಲ್ಲಿ ಕೂತು ನೋಡಿದಳು
ಹಾಸಿಗೆಯ ರೋಗಿಯನ್ನು ನೋಡುವ ಹಾಗೆ, ಮುಟ್ಟದೆ.
“ಇದು ಹಳೆಯದು. ಅಂಚಿಗೆ ತುಕ್ಕು ಹತ್ತಿದೆ.”
ಗಾಯದ ವಯಸ್ಸು ಅವಳಿಗೆ ಗೊತ್ತು.
ನನಗೂ.
ಒಂಬತ್ತು ದಿನದ ಹಿಂದೆ ಇದೇ ಗಾಡಿ, ಇಂಥದೇ ಸೋನೆ,
ಶಾರ್ಜಾದವನೊಬ್ಬ ಅವಸರ ಮಾಡುತ್ತಿದ್ದ,
ಬಟ್ಟೆ ಹಿಂಡಿ ಹಿಂಡಿ ಕೈ ಸೋತು
ಟಾರ್ಚನ್ನು ಸುಮ್ಮನೆ ಆಡಿಸಿ ‘ಸರಿ’ ಎಂದು ಬರೆದವನು ನಾನು.
ಅವಳದಲ್ಲವೆಂದರೆ ಅದೀಗ ನನ್ನದು,
ಈ ತಿಂಗಳ ಸಂಬಳದ್ದು.

ನಮ್ಮ ಭಾಷೆಯಲ್ಲಿ ಒಂದು ಅನುಕೂಲವಿದೆ:
ಮುರಿದದ್ದಕ್ಕೆ ಮುರಿದುಕೊಳ್ಳುತ್ತೇವೆ,
ಯಾರು ಮುರಿದರೆಂದು ಆ ಮಾತು ಕೇಳುವುದಿಲ್ಲ.
ಒತ್ತೆಯಿಟ್ಟ ನೂರು ರಿಯಾಲಿನಲ್ಲಿ
ಮೂವತ್ತೆಂಟು ಮುರಿದೆ.
ಉಳಿದದ್ದನ್ನು ಅವಳ ಮುಂದೆಯೇ ಎಣಿಸಿ ಇಟ್ಟೆ.

ಗಡಿಯಾರ ನೋಡಿಕೊಂಡು ಸಹಿ ಹಾಕಿದಳು,
ಕನ್ನಡದಲ್ಲಿ, ಕೊನೆಯ ದೀರ್ಘವನ್ನು
ಗೆರೆಯಾಚೆಗೂ ಎಳೆದು.
ಚೀಲದ ಜಿಪ್ಪು ಹಾಕಿ ನಾಲ್ಕು ಹೆಜ್ಜೆ ಹೋದವಳು
ತಿರುಗಿದಳು:
“ನಿಮ್ ಎಣ್ಕಿ ಸಮ ಇತ್ತ್, ಮಾರಾಯ್ರೆ.”

ಗಾಜಿನ ಬಾಗಿಲು ತಾನಾಗಿ ಮುಚ್ಚಿದ ಮೇಲೆ ಹೊಳೆಯಿತು:
ಇಪ್ಪತ್ತು, ನಲವತ್ತು, ಅರವತ್ತು,
ಅರವತ್ತೊಂದು, ಅರವತ್ತೆರಡು.
ಮನಸ್ಸಿನಲ್ಲೇ ಅಂದುಕೊಂಡಿದ್ದೆ.
ಮನೆಮಾತು ಬೇರೆ, ಕ್ಯಾಂಪಿನ ಮಾತು ಮಲಯಾಳ, ಆಫೀಸಿನದು ಅರಬಿ,
ಹದಿನಾರು ವರ್ಷ ಹೀಗೇ ತಿರುಗಿದ ನಾಲಿಗೆ
ದುಡ್ಡು ಮುಟ್ಟಿದೊಡನೆ
ಸರಕಾರಿ ಶಾಲೆಯ ಮಗ್ಗಿಯ ಬೆಂಚಿಗೆ ಹೋಗಿ ಕೂರುತ್ತದೆ.

ಗೀರಿಗೆ ಬಣ್ಣ ಹಚ್ಚಲಿಲ್ಲ. ಹಚ್ಚುವುದೂ ಇಲ್ಲ.
ಸಂಜೆ ಅದೇ ಯಾರಿಸ್ ಬಾಡಿಗೆಗೆ ಹೊರಟಿತು,
ಕಾಗದದ ಬಂಗುಡೆಯ ಎಡಮಗ್ಗುಲಲ್ಲಿ
ಈಗ ಒಂದು ಗೆರೆ ಜಾಸ್ತಿ.

ಈಚೆಗೆ ಅರಬಿಯಲ್ಲಿ ಎಣಿಸುತ್ತೇನೆ.
ಇಶ್ರೀನ್, ಅರ್ಬಯೀನ್, ಸಿತ್ತೀನ್.
ಅರವತ್ತು ದಾಟುವಲ್ಲಿ
ಉಗುರು ಸಿಕ್ಕುತ್ತದೆ.